ಮುಷ್ಟಿಯೊಳಗಿನ ಸೀಳು

ವೈಶಾಖದ ಬಿಸಿಲು ನೆತ್ತಿಯಿಂದ ಒಂದಿಷ್ಟು ಪಡುವಣಕ್ಕೆ ಸರಿದಿತ್ತು. ಊರವರೆಲ್ಲ ಉಂಡು ಅಡ್ಡಾಗುವ ಹೊತ್ತು. ಪುರಸಭೆ ಚುನಾವಣೆಯ ಮೊದಲನೆಯ ಮೈಕಿನ ರಿಕ್ಷಾ ನಮ್ಮ ಬುರುಡರ ಓಣಿಗೆ ಬಂದದ್ದು ಆವಾಗಲೇ. ಅದು ಓಣಿಯ ತುದಿ ಮುಟ್ಟಿ ಹೊರಳುವುದರೊಳಗೆ ಖಾನಾವಳಿ ಬಸಲಿಂಗವ್ವನ ಬಲಗೈ ಮುಚ್ಚಿಕೊಂಡಿತು. ಆ ವರ್ಷದ ಮೊದಲನೆಯ ಮುಷ್ಟಿ ಅವಳದೇ.

ನಮ್ಮೂರಿನಲ್ಲಿ ಇದು ಹೊಸದಲ್ಲ. ಚುನಾವಣೆಯ ತಿಂಗಳು ಯಾರಾದರೂ ಪಕ್ಷದ ಸಲುವಾಗಿ ಮಾತಿಗೆ ಮಾತು ಬೆಳೆಸಿದರೆ ಅವರ ಬಲಗೈ ಮುಷ್ಟಿ ಕಟ್ಟಿ ಕೂತುಬಿಡುತ್ತದೆ. ನೋವಿಲ್ಲ, ಬಾವಿಲ್ಲ. ಬೆರಳು ಮಾತ್ರ ಬಿಚ್ಚುವುದಿಲ್ಲ. ಎಣ್ಣೆ ತಿಕ್ಕಿದರೂ ಅಷ್ಟೇ, ಬಿಸಿನೀರಲ್ಲಿ ಅದ್ದಿದರೂ ಅಷ್ಟೇ. ಊರು ಅದಕ್ಕೆ ಹೊಂದಿಕೊಂಡಿದೆ. ಆ ತಿಂಗಳು ಚಹಾದಂಗಡಿಯಲ್ಲಿ ಗ್ಲಾಸನ್ನು ಎಡಗಡೆಗೇ ಇಡುತ್ತಾರೆ. ಬಸ್ಸಿನ ಕಂಡಕ್ಟರು ಟಿಕೀಟನ್ನು ಕೈಗೆ ಕೊಡದೆ ಅಂಗಿಯ ಕಾಲರಿಗೆ ಸಿಕ್ಕಿಸುತ್ತಾನೆ. ಲಗ್ನದ ಮನೆಗಳಲ್ಲಿ ಎಡಗೈಯಿಂದ ಅಕ್ಷತೆ ಹಾಕಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಎದುರಿಗೆ ಬಂದವರು ಮುಷ್ಟಿಯ ಮೇಲೆ ಎಡ ಅಂಗೈ ಇಟ್ಟು ನಮಸ್ಕಾರ ಅಂದರೆ, ಇವರು ಎಲ್ಲೋ ಜಗಳಾಡಿ ಬಂದಿದ್ದಾರೆ ಅಂತ ತಿಳಿದುಕೊಂಡು ಬೇರೆ ಮಾತು ತೆಗೆಯುತ್ತೇವೆ.

ಒಂದಕ್ಕೆ ಮಾತ್ರ ನಾವು ಯಾರೂ ಹೊಂದಿಕೊಳ್ಳಲಿಲ್ಲ. ಮುಚ್ಚಿದ ಕೈಯಿಂದ ಹಳ್ಳದ ಸೇತುವೆ ದಾಟಿದರೆ ಆ ಕೈ ಮತ್ತೆ ಬಿಚ್ಚುವುದಿಲ್ಲ. ಪೋಸ್ಟಿನ ರಾಣೋಜಿ ಅಂತ ಒಬ್ಬನಿದ್ದ. ವರ್ಗವಾಯಿತೆಂದು ಅವಸರದಲ್ಲಿ ಮುಷ್ಟಿಯ ಸಮೇತ ಸೇತುವೆ ದಾಟಿ ಹೋದ. ಹನ್ನೊಂದು ವರ್ಷದ ಮೇಲೆ ಯಾರದೋ ಲಗ್ನಕ್ಕೆ ಬಂದಾಗ ನೋಡಿದೆ. ಅದೇ ಮುಷ್ಟಿ. ಮೊಮ್ಮಗಳನ್ನು ಎತ್ತಿಕೊಳ್ಳುವಾಗ ಅದನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ.

ನಾನು ಕೇತಪ್ಪ, ಓಣಿಯ ಎಲ್ಲ ಬುರುಡರ ಹಾಗೆ ಬಿದಿರಿನ ಕೆಲಸದವನು. ಮೂರನೇ ಇಯತ್ತೆಯವರೆಗೆ ಶಾಲೆಗೆ ಹೋದವನು. ಆ ಮೇಲೆ ಅಪ್ಪ ಕೈಗೆ ಕತ್ತಿ ಕೊಟ್ಟ. ಜೊತೆಗೆ ಒಂದು ಮಾತನ್ನೂ ಕೊಟ್ಟ: ಮುಷ್ಟಿಗೆ ಬಿದಿರೊಂದೇ ಮದ್ದು. ಐವತ್ತು ವರ್ಷ ಅದನ್ನೇ ನಂಬಿ ನಡೆಸಿಕೊಂಡು ಬಂದೆ. ಬೇವಿನ ಕೆಳಗಿನ ನನ್ನ ಕಟ್ಟೆಗೆ ಮುಷ್ಟಿ ಕಟ್ಟಿದವರು ಬರುತ್ತಾರೆ. ಬುಟ್ಟಿಯ ತಳ ಹಾಕುವುದನ್ನು ಎದುರಿಗೆ ಕೂತು ತೋರಿಸುತ್ತೇನೆ. ಅವರು ಎಡಗೈಯಿಂದ ಬಿದಿರಿನ ಸೀಳು ತೂರಿಸುತ್ತಾರೆ, ಮುಷ್ಟಿಯಿಂದ ಒತ್ತಿ ಹಿಡಿಯುತ್ತಾರೆ. ನಾಲ್ಕನೆಯ ಸುತ್ತಿಗೆ ಹೆಬ್ಬೆರಳು ಅಲುಗುತ್ತದೆ. ಬುಟ್ಟಿ ಅರ್ಧಕ್ಕೆ ಬಂದಾಗ ತೋರುಬೆರಳು. ಅಂಚು ಕಟ್ಟಿ ಮುಗಿಸಿದಾಗ ಅಂಗೈ ಬಿಚ್ಚುತ್ತದೆ. ಮೊದಲಿನಿಂದ ಕೊನೆಯವರೆಗೆ ಅವರೇ ಹೆಣೆಯಬೇಕು. ಒಮ್ಮೆ ಸೈಕಲ್ ಅಂಗಡಿಯವನ ಗೋಳು ನೋಡಲಾರದೆ ನಾನೇ ಒಂದು ಸುತ್ತು ಹಾಕಿಕೊಟ್ಟೆ. ಅವನ ಕಿರುಬೆರಳು ಮುಂದಿನ ಚುನಾವಣೆಯವರೆಗೆ ಮಡಿಚಿಕೊಂಡೇ ಇತ್ತು. ಅವತ್ತಿನಿಂದ ಇನ್ನೊಬ್ಬರ ಬುಟ್ಟಿ ನಾನು ಮುಟ್ಟುವುದಿಲ್ಲ.

ಆ ಸಲ ಇದ್ದದ್ದು ಎರಡು ಪಕ್ಷ. ಗಿಂಡಿ ಗುರುತಿನವರು, ಕೊಡೆ ಗುರುತಿನವರು. ನಗುವ ಮಾತೆಂದರೆ ಮೈಕಿನಲ್ಲಿ ಕೂಗಿ ಜನರ ಕೈ ಮುಚ್ಚಿಸಿದ ಮುಖಂಡರೇ ಅವರನ್ನು ಟೆಂಪೋದಲ್ಲಿ ತುಂಬಿ ನನ್ನ ಕಟ್ಟೆಗೆ ಇಳಿಸಿ ಹೋಗುತ್ತಿದ್ದರು. ಮತದ ಯಂತ್ರವನ್ನು ಮುಷ್ಟಿಯಿಂದ ಒತ್ತಿದರೆ ಪಕ್ಕದ ಗುಂಡಿಗೂ ತಾಕುತ್ತದಲ್ಲ, ಆ ಹೆದರಿಕೆ. ಬಂದವರು ಮೊದಲು ಬೆನ್ನಿಗೆ ಬೆನ್ನು ಮಾಡಿ ಕೂಡುತ್ತಿದ್ದರು. ಆದರೆ ಹೆಣೆಯುವವನು ಎಣಿಸಲೇಬೇಕು. ಒಂದರ ಮೇಲೆ, ಒಂದರ ಕೆಳಗೆ. ಎಣಿಸುವ ಬಾಯಿಂದ ಬೈಯಲು ಬರುವುದಿಲ್ಲ. ಬೈದರೆ ಲೆಕ್ಕ ತಪ್ಪಿ ಸುತ್ತು ಬಿಚ್ಚಬೇಕಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಿಂಡಿಯವನು ಕೊಡೆಯವನಿಗೆ, "ಏ ತಮ್ಮಾ, ಆ ಕತ್ತಿ ಈ ಕಡೆ ಸರಸು," ಅನ್ನುವ ಮಟ್ಟಕ್ಕೆ ಬರುತ್ತಿದ್ದ.

ಬಸಲಿಂಗವ್ವ ಬಂದು ಕೂತಾಗ ಊರಿಗೆ ರೊಟ್ಟಿಯಿಲ್ಲದೆ ಎರಡು ದಿನವಾಗಿತ್ತು. ಮುಷ್ಟಿಯಿಂದ ರೊಟ್ಟಿ ಬಡಿಯಲಾದೀತೇ? ಖಾನಾವಳಿಯಲ್ಲಿ ಬರೀ ಅನ್ನ. ಅವಳು ಕೊಡೆಯ ಕಡೆಯವಳು, ಬಾಯಿ ಖಾರ. ಮೂರು ದಿನ ನನ್ನನ್ನೂ ಬಿದಿರನ್ನೂ ಬೈಯುತ್ತ ಒಂದು ಬುಟ್ಟಿ ಮುಗಿಸಿದಳು. ನಾನು ತಿರುಗಿಸಿ ನೋಡಿದೆ.

"ನಾಯಿ ಮಲಗಿ ಎದ್ದು ಹೋದಂಗೈತಿ ತಂಗಿ."

"ನನ್ನ ಕೈ ಬಿಚ್ಚಿತಿಲ್ಲೋ? ಅಷ್ಟು ಸಾಕು ನನಗ. ಬುಟ್ಟಿ ನಿನ್ನ ತಲಿಗೆ ಹಾಕ್ಕೋ," ಅಂದಳು. ಹಾಗೆ ಅಂದವಳು ಬುಟ್ಟಿಯನ್ನು ಮಾತ್ರ ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದಳು. ಮರುದಿನ ನೋಡಿದರೆ ಖಾನಾವಳಿಯ ರೊಟ್ಟಿಯೆಲ್ಲ ಅದರಲ್ಲೇ ಇತ್ತು.

ತಮ್ಮಣ್ಣ ಮಾಸ್ತರ ಬಂದದ್ದು ಅದರ ಮುಂದಿನ ವಾರ. ನಾನು ಬಿಟ್ಟ ಮೂರನೇ ಇಯತ್ತೆಯಲ್ಲಿ ಅವನು ನನ್ನ ಪಕ್ಕ ಕೂತಿದ್ದವನು. ಅವನು ಮುಂದೆ ಓದಿ ಅದೇ ಶಾಲೆಗೆ ಮಾಸ್ತರನಾಗಿ, ನಿವೃತ್ತನೂ ಆಗಿದ್ದ. ಹೆಂಡತಿ ತೀರಿಕೊಂಡಿದ್ದಳು. ಸಂಜೆಯಾದರೆ ನನ್ನ ಕಟ್ಟೆಗೆ ಬಂದು ಪೇಪರು ಓದಿ ಹೇಳುತ್ತಿದ್ದ, ನಾನು ಕೈಕೆಲಸ ಮಾಡುತ್ತ ಕೇಳುತ್ತಿದ್ದೆ. ನಲವತ್ತು ವರ್ಷ ಹೀಗೇ. ಅವನು ಕೊಡೆಯವನು. ಕ್ಷೌರದಂಗಡಿಯಲ್ಲಿ, ಮುಖಕ್ಕೆ ಸಾಬೂನು ಹಚ್ಚಿಸಿಕೊಂಡಿದ್ದಾಗಲೇ, ಗಿಂಡಿಯವರೊಡನೆ ವಾದಕ್ಕೆ ಬಿದ್ದು ಕೈ ಮುಚ್ಚಿಕೊಂಡು ಬಂದಿದ್ದ.

ಅವನಿಗೆ ಅವಸರವಿತ್ತು. ಪರವೂರಿನಲ್ಲಿದ್ದ ಅವನ ತಂಗಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಆಕೆಗೆ ಹಿಂದೆ ಮುಂದೆ ಯಾರೂ ಇಲ್ಲ. ಎತ್ತಿ ಕೂಡಿಸುವುದು, ಉಣಿಸುವುದು, ತಲೆ ಬಾಚುವುದು, ಎಲ್ಲಕ್ಕೂ ಇವನೇ ಹೋಗಬೇಕು. ಈಗ ನೋಡಿಕೊಳ್ಳುತ್ತಿದ್ದ ನೆರೆಯಾಕೆ ಶುಕ್ರವಾರ ಮಗಳ ಬಾಣಂತನಕ್ಕೆ ಹೊರಡುವವಳಿದ್ದಳು. ಬುಧವಾರ ಮತದಾನ, ಗುರುವಾರ ಬೆಳಿಗ್ಗೆ ಹತ್ತರ ಬಸ್ಸು. ಅಷ್ಟರೊಳಗೆ ಕೈ ಬಿಚ್ಚದಿದ್ದರೆ ಮುಷ್ಟಿಯ ಸಮೇತ ಸೇತುವೆ ದಾಟಬೇಕು. ಆ ಮೇಲೆ ಯಾರು ಯಾರಿಗೆ ಉಣಿಸುವುದು?

"ಹೆದರಬ್ಯಾಡ. ರವಿವಾರಕ್ಕ ಅಂಚು ಕಟ್ಟತಿ," ಅಂದೆ. ಹಾಗೇ ಆಯಿತು. ಶನಿವಾರದ ಸಂಜೆಗೆ ಅವನ ಬುಟ್ಟಿ ಅಂಚಿನವರೆಗೆ ಬಂತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಬಿಚ್ಚಿದ್ದವು. ಉಳಿದದ್ದು ಅಂಚೊಂದೇ. ಅಂಚು ಕಟ್ಟುವ ಸೀಳು ಹುರಿದಾರದ ಹಾಗೆ ಬಾಗಬೇಕು, ಮುರಿಯಬಾರದು. ನಮ್ಮ ಓಣಿಯಲ್ಲಿ ಉಳಿದವರು ಏಣಿ, ತಟ್ಟಿ ಮಾಡುವವರು. ಅಂಥ ಸೀಳು ತೆಗೆಯುವ ಕೈ ನನ್ನದೊಂದೇ ಇತ್ತು.

ರವಿವಾರ ಬೆಳಿಗ್ಗೆ ಹಸಿ ಬಿದಿರು ಸೀಳುತ್ತ ಕೂತಿದ್ದೆ. ನಾಲ್ಕು ಮೊಳ ಉದ್ದದ, ಕೂದಲಿನಷ್ಟು ನುಣುಪಾದ ಒಂದು ಸೀಳು ಎದ್ದು ಬಂತು. ಎಡಗೈಗೆ ಕತ್ತಿ ದಾಟಿಸಿ, ಬಲಗೈಯಲ್ಲಿ ಅದನ್ನು ಎತ್ತಿ ಹಿಡಿದು ನೋಡುತ್ತಿದ್ದೆ. ಆವಾಗ ಮಾಸ್ತರ ಕಿಸೆಯಿಂದ ಒಂದು ಕಾಗದ ತೆಗೆದ.

"ಕೇತಪ್ಪ, ಇದನ್ನ ಕೇಳು. ನಾನೇ ಬರದದ್ದು. ನಾಳೆ ನಮ್ಮ ಕೊಡೆಯವರು ಊರೆಲ್ಲಾ ಹಂಚತಾರ." ಗಂಟಲು ಸರಿಮಾಡಿಕೊಂಡು ಓದಿದ: "ಬುರುಡರ ಓಣಿಯ ಖಾಲಿ ಜಾಗದಲ್ಲಿ ಎರಡಂತಸ್ತಿನ ಮಾರುಕಟ್ಟೆ ಕಟ್ಟಿಸಲಾಗುವುದು."

"ಖಾಲಿ ಜಾಗ ಯಾವುದು?"

"ಇದs. ನೀ ಕೂತಿದ್ದು."

"ನಾ ಕುಂತೀನಲ್ಲೋ. ಖಾಲಿ ಹೆಂಗಾಕ್ಕೈತಿ?"

"ಪುರಸಭೆ ಕಾಗದದಾಗ ಖಾಲಿ ಅಂತs ಅದ. ನಿನಗ ಹಳ್ಳದ ಆಚೆ ಇದರ ಎರಡರಷ್ಟು ಜಾಗ ಕೊಡ್ತಾರ. ಊರಿಗೆ ಒಳ್ಳೇದಾಗ್ತದ. ನೀ ಮೂರನೇತ್ತೆಕ್ಕ ಶಾಲಿ ಬಿಟ್ಟಾಂವ, ನಿನಗ ಇದು ತಿಳಿಯೂದಿಲ್ಲ ಬಿಡು."

ನಾನು ಯಾವ ಚುನಾವಣೆಯಲ್ಲೂ ಬಾಯಿ ಬಿಟ್ಟವನಲ್ಲ. ಕಟ್ಟೆಯ ಮೇಲೆ ಕೂತವರು ಏನೇ ಅಂದರೂ ಹೂಂಗುಟ್ಟಿ ಮುಂದಿನ ಸೀಳಿಗೆ ಹೋಗುವವನು. ನನ್ನ ಕೈ ಒಮ್ಮೆಯೂ ಮುಚ್ಚಿರಲಿಲ್ಲ. ಅದರ ಬಗ್ಗೆ ನನಗೆ ಒಳಗೊಳಗೆ ಜಂಬವೂ ಇತ್ತು. ಆದರೆ ಅವತ್ತು ಬಾಯಿಂದ ಮಾತು ಬಂದೇಬಿಟ್ಟಿತು.

"ಹೌದಪಾ, ನಾ ಬಿಟ್ಟೆ. ನೀ ಬಿಡಲಿಲ್ಲ. ಅಷ್ಟು ವರ್ಷ ಓದಿ ಕಲತದ್ದು ಇದೇನು, ಎದರಿಗೆ ಕುಂತಾಂವ ಕಾಣದಂಗ ಬರಿಯೂದು?"

ಅಂದು ಮುಗಿಸುವುದರೊಳಗೆ ಕೈ ಮುಚ್ಚಿಕೊಂಡಿತು. ಸೀಳು ಒಳಗೇ ಉಳಿಯಿತು. ಒಂದು ತುದಿ ಹೆಬ್ಬೆರಳ ಕಡೆಯಿಂದ, ಇನ್ನೊಂದು ಕಿರುಬೆರಳ ಕಡೆಯಿಂದ ಹೊರಗೆ ಚಾಚಿಕೊಂಡಿತ್ತು. ಕಟ್ಟೆಯ ಮೇಲೆ ಹತ್ತೊಂಬತ್ತು ಮಂದಿ ಇದ್ದರು. ಎಣಿಸುವ ಸದ್ದು ಒಮ್ಮೆಲೇ ನಿಂತಿತು.

ಮಾಸ್ತರ ನನ್ನ ಮುಷ್ಟಿ ನೋಡಿದ, ತನ್ನ ಬುಟ್ಟಿ ನೋಡಿಕೊಂಡ. ಅವನ ಅಂಚಿನ ಸೀಳು ನನ್ನ ಮುಷ್ಟಿಯೊಳಗೇ ಸಿಕ್ಕಿತ್ತು. ಆದರೂ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ತೆಗೆದುಕೊಳ್ಳಲಿಲ್ಲ.

ನನಗೇನೂ ಹೆದರಿಕೆಯಾಗಲಿಲ್ಲ. ಮದ್ದು ನನ್ನ ಕಟ್ಟೆಯಲ್ಲೇ ಇದೆಯಲ್ಲ ಅಂದುಕೊಂಡೆ. ಚಾಚಿಕೊಂಡಿದ್ದ ಸೀಳನ್ನು ಮಣಿಕಟ್ಟಿಗೆ ಬಳೆಯ ಹಾಗೆ ಸುತ್ತಿದೆ. ಎಡಗೈಯಿಂದ ಒಂದು ಬುಟ್ಟಿ ಶುರುಮಾಡಿ, ಹೊಸಬರ ಕೈಗೆ ಬಗ್ಗದ ದಪ್ಪ ಸೀಳಿನಲ್ಲೇ ಅಂಚು ಮಡಿಚಿ ಮುಗಿಸಿದೆ. ಸೋಮವಾರ ಮತ್ತೆ ಎರಡು. ಮೂರೂ ಚೆನ್ನಾಗಿದ್ದವು, ಒಂದು ಸುತ್ತು ಹೆಚ್ಚುಕಡಿಮೆಯಿಲ್ಲ. ಕೈ ಮಾತ್ರ ಇದ್ದ ಹಾಗೇ ಇತ್ತು. ಕಿರುಬೆರಳ ತುದಿಯೂ ಅಲುಗಲಿಲ್ಲ. ಸಂಜೆ ಆ ಮೂರು ಬುಟ್ಟಿಗಳ ನಡುವೆ ಕೂತು ಮುಷ್ಟಿಯನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಅಪ್ಪ ಹೇಳಿದ ಮದ್ದು ನನಗೇ ಹತ್ತಲಿಲ್ಲ. ಕಟ್ಟೆಯ ಆ ತುದಿಯಲ್ಲಿ ಮಾಸ್ತರ ಅಂಚಿಲ್ಲದ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದ. ಗುರುವಾರಕ್ಕೆ ನಡುವೆ ಎರಡೇ ದಿನ.

ಮಂಗಳವಾರ ಉಣ್ಣಲು ಖಾನಾವಳಿಗೆ ಹೋದೆ. ಒಳಗೆ ಕೂತವರು ನನ್ನ ಮಣಿಕಟ್ಟು ನೋಡಿ, "ಅಜ್ಜಗ ಕಂಕಣ ಕಟ್ಯಾರಲೇ! ಲಗ್ನ ಯಾವಾಗ ಅಜ್ಜಾ?" ಅಂದರು. ನಾನು ನಗಲಿಲ್ಲ. ಬಸಲಿಂಗವ್ವ ಒಲೆಯ ಮುಂದಿನಿಂದಲೇ ನನ್ನನ್ನು ನೋಡಿದಳು.

"ಎಷ್ಟು ಬುಟ್ಟಿ ಹಾಕಿದಿ?"

"ಮೂರು."

"ಹೆಂಗ ಬಂದಾವು?"

"ಛಲೋ ಬಂದಾವು."

"ಅದಕ್ಕs ಬಿಚ್ಚಿಲ್ಲ," ಅಂದಳು. "ನನ್ನ ಬುಟ್ಟಿ ನಾಯಿ ಮಲಗಿದಂಗಿತ್ತು, ಕೈ ಬಿಚ್ಚಿತು. ನೀ ಬುಟ್ಟಿ ಹಾಕೂದು ಅಂದ್ರ ಉಸರಾಡಿದಂಗ. ಕೈ ತನ್ನ ಪಾಡಿಗೆ ತಾ ಹೆಣಿತೈತಿ, ನೀ ನಿನ್ನ ಪಾಡಿಗೆ ಮಾಸ್ತರನ್ನ ಬೈಕೋತ ಕುಂತಿರ್ತಿ. ಹೌದೋ ಅಲ್ಲೋ?"

ಹೌದಾಗಿತ್ತು. ಮೂರು ಬುಟ್ಟಿಯ ತುಂಬ ಅವನನ್ನೇ ಬೈದಿದ್ದೆ.

"ಜೀವಮಾನದಾಗ ಎಂದರ ಒಂದು ರೊಟ್ಟಿ ಬಡದೀ ಏನು?"

"ಇಲ್ಲ."

"ಬಾ ಇಲ್ಲಿ. ಕಾಲು ಮಡಚಿ ಕುಂದರು."

ಪರಾತದಲ್ಲಿ ಜೋಳದ ಹಿಟ್ಟು ಸುರಿದು, ನಡುವೆ ಕುದಿಯುವ ನೀರು ಹೊಯ್ದು ನನ್ನ ಮುಂದೆ ದೂಡಿದಳು. "ನಾದಾಕ ಮುಷ್ಟಿನs ಬೇಕು. ದೇವರು ಕೊಟ್ಟಾನ, ನಾದು." ನಾದಿದೆ. ಹಿಟ್ಟು ಬಿಸಿ, ಅಂಟು. ಒತ್ತಿದ ಕಡೆ ಬಿರಿಯುತ್ತಿತ್ತು, ಮಡಿಚಿದ ಕಡೆ ಒಡೆಯುತ್ತಿತ್ತು. ಸುತ್ತಿದ ಸೀಳಿಗೆಲ್ಲ ಹಿಟ್ಟು ಮೆತ್ತಿಕೊಂಡಿತು. ನೀರು ಹೆಚ್ಚಾದರೆ ಬೈದಳು, ಕಡಿಮೆಯಾದರೆ ಬೈದಳು. ನಾನು ಕಟ್ಟೆಯ ಮೇಲೆ ಯಾರಿಗೂ ಅಷ್ಟು ಬೈದಿಲ್ಲ. ಎಡಗೈಯಿಂದ ಉಂಡೆ ಕಟ್ಟಿ, ಎಡಗೈಯಿಂದಲೇ ಬಡಿದೆ. ಉಂಡೆ ಒಂದು ಕಡೆ ಬಾಲ ಬಿಟ್ಟಿತು, ಇನ್ನೊಂದು ಕಡೆ ಹರಿಯಿತು.

"ಇದೇನಜ್ಜಾ, ಯಾವ ದೇಶದ ನಕಾಶೆ?" ಅಂತ ಒಬ್ಬ.

"ಹಂಚಿನ ಮ್ಯಾಲ ಹಾಕಬ್ಯಾಡ್ರಿ, ಶಾಲಿ ಗ್ವಾಡಿಗೆ ತೂಗಹಾಕ್ರಿ," ಅಂತ ಇನ್ನೊಬ್ಬ.

ನನಗೆ ಉತ್ತರ ಕೊಡಲು ಪುರಸೊತ್ತಿರಲಿಲ್ಲ. ಹಂಚಿನ ಮೇಲೆ ಹಾಕುವಷ್ಟರಲ್ಲಿ ಅದು ಮೂರು ತುಂಡಾಗಿ ಬಿತ್ತು. ಮತ್ತೊಂದು ಉಂಡೆ ಕಟ್ಟಿದೆ. ಸಂಜೆಯವರೆಗೆ ಹದಿನಾಲ್ಕು ಕೆಡಿಸಿದೆ. ಮನೆಗೆ ಬಂದು ನೋಡಿಕೊಂಡರೆ ಹೆಬ್ಬೆರಳು ಸಡಿಲಾಗಿತ್ತು. ಅದು ಯಾವ ರೊಟ್ಟಿಗೆ ಸಡಿಲಾಯಿತು ಅನ್ನುವುದು ಗೊತ್ತೇ ಆಗಿರಲಿಲ್ಲ. ಆ ಹೊತ್ತಿನ ತನಕ ಮಾಸ್ತರನ ನೆನಪೂ ಬಂದಿರಲಿಲ್ಲ.

ಬುಧವಾರ ಬೆಳಿಗ್ಗೆ ಜನ ಮತ ಹಾಕಲು ಸಾಲುಗಟ್ಟಿದಾಗ ನಾನು ಮತ್ತೆ ಪರಾತದ ಮುಂದೆ ಇದ್ದೆ. ಮೂರನೆಯ ರೊಟ್ಟಿಗೆ ತೋರುಬೆರಳು ಬಂತು. ಐದನೆಯದನ್ನು ಬಡಿಯುವಾಗ ಎಡಗೈ ಸಾಲದಾಯಿತು. ಬಲಗೈ ತಾನಾಗಿ ಮುಂದೆ ಬಂದು ಬೆರಳ ತುದಿಗಳಿಂದ ಅಂಚು ತಟ್ಟತೊಡಗಿತು. ರೊಟ್ಟಿ ತಿರುಗಿತು. ನಾನು ತಿರುಗಿಸಲಿಲ್ಲ, ಅದೇ ತಿರುಗಿತು. ಅದನ್ನು ಎತ್ತಿ ಹಂಚಿನ ಮೇಲೆ ಹಾಕಿ ನೀರು ಸವರಿದೆ. ಅದು ಉಬ್ಬಿತು. ಪೂರಾ ಅಲ್ಲ, ಒಂದು ಮೂಲೆಯಲ್ಲಿ, ಕಪ್ಪೆಯ ಗಂಟಲಿನ ಹಾಗೆ. ಕೆಳಗೆ ನೋಡಿದರೆ ಅಂಗೈ ಬಿಚ್ಚಿತ್ತು. ಸೀಳು ತೊಡೆಯ ಮೇಲೆ ಬಿದ್ದಿತ್ತು.

ಬಸಲಿಂಗವ್ವ ಆ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದಳು. "ಎಮ್ಮಿ ಮಲಗಿ ಎದ್ದಂಗೈತಿ," ಅಂದಳು. ಆ ಮೇಲೆ ಅದನ್ನು ತನ್ನ ಸೊಟ್ಟ ಬುಟ್ಟಿಯಲ್ಲಿ, ಎಲ್ಲ ರೊಟ್ಟಿಗಳ ಮೇಲೆ ಇಟ್ಟಳು.

ಸೀಳನ್ನು ಎರಡೂ ಕೈಯಲ್ಲಿ ಬಾಗಿಸಿ ನೋಡಿದೆ. ಎರಡು ದಿನ ನನ್ನ ಬೆವರಿನಲ್ಲಿ, ಎರಡು ದಿನ ಅವಳ ಹಿಟ್ಟಿನಲ್ಲಿ ನೆನೆದು ದಾರದ ಹಾಗಾಗಿತ್ತು. ಓಡುವ ವಯಸ್ಸಲ್ಲ ನನ್ನದು. ಆದರೂ ಕಟ್ಟೆಯವರೆಗೆ ಓಡಿದ ಹಾಗೇ ಹೋದೆ.

ಮಾಸ್ತರ ಅಲ್ಲೇ ಇದ್ದ. ಸೀಳನ್ನು ಅವನ ಮುಂದೆ ಹಿಡಿದೆ.

"ಎಲ್ಲೀದು ಇದು?" ಅಂದ.

"ರವಿವಾರದ್ದು. ನಿನ್ನ ಅಂಚಿಗಂತ ತಗದಿದ್ದೆ. ಅವತ್ತಿನಿಂದ ಹಿಡಕೊಂಡೇ ಕುಂತಿದ್ದೆ."

ಅವನು ಸೀಳನ್ನು ಇಸಿದುಕೊಂಡು ಬುಟ್ಟಿಯನ್ನು ಮುಂದಕ್ಕೆ ಎಳೆದುಕೊಂಡ. ನಾನು ನನ್ನ ಬುಟ್ಟಿಯೊಂದರ ಅಂಚು ಬಿಚ್ಚಿ, ಎದುರಿಗೆ ಕೂತು, ಮತ್ತೆ ಕಟ್ಟಿ ತೋರಿಸಿದೆ. ಅವನು ನೋಡಿ ನೋಡಿ ತನ್ನದನ್ನು ಕಟ್ಟಿದ. ಒಂದರ ಮೇಲೆ, ಒಂದರ ಕೆಳಗೆ. ಅರ್ಧ ಅಂಚು ಆದ ಮೇಲೆ, ತಲೆ ಎತ್ತದೇ, "ಆ ಕಾಗದದಾಗ ಖಾಲಿ ಅನ್ನೂ ಶಬ್ದ ನಾ ಬರೀಬಾರದಿತ್ತು," ಅಂದ.

ನಾನು ಮುಂದಿನ ಸುತ್ತು ತೋರಿಸಿದೆ.

"ಆದರ ಮಾರುಕಟ್ಟಿ ಬೇಕs ಬೇಕು ಈ ಊರಿಗೆ."

"ನಿನ್ನ ತಂಗಿ ಊರಾಗ ಕಟ್ಟಸು. ಮೊದಲ ಎಣಸು, ಒಂದು ತಪ್ಪೈತಿ."

ಅವನು ಬಗ್ಗಿ ನೋಡಿದ. ನಿಜವಾಗಿಯೂ ತಪ್ಪಿತ್ತು. ಬಿಚ್ಚಿ ಮತ್ತೆ ಕಟ್ಟಿದ. ನಾನು ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಅವನ ಬುಟ್ಟಿಗೆ ಕೈ ಹಾಕುವ ಚಪಲ ಅಷ್ಟಿತ್ತು. ನಾಲ್ಕು ಗಂಟೆಯ ಸುಮಾರಿಗೆ ಕೊನೆಯ ಗಂಟು ಬಿಗಿಯಿತು. ಉಂಗುರದ ಬೆರಳು, ಆ ಮೇಲೆ ಕಿರುಬೆರಳು, ಒಂದರ ಹಿಂದೆ ಒಂದು ಬಿಚ್ಚಿದವು. ಅವನು ತನ್ನ ಅಂಗೈಯನ್ನು ಹಳೆಯ ಪತ್ರ ಸಿಕ್ಕವನ ಹಾಗೆ ನೋಡಿಕೊಂಡ. ಬೂತಿನ ಬಾಗಿಲು ಹಾಕಲು ಇನ್ನೂ ಹೊತ್ತಿತ್ತು. ಇಬ್ಬರೂ ಕೂಡಿಯೇ ಹೋದೆವು. ಅವನು ಕೊಡೆಗೆ ಒತ್ತಿದ. ನಾನು ಯಾವುದಕ್ಕೆ ಒತ್ತಿದೆ ಅನ್ನುವುದನ್ನು ಯಾರಿಗೂ ಹೇಳಿಲ್ಲ. ಈಗಲೂ ಹೇಳುವುದಿಲ್ಲ.

ಆ ಚುನಾವಣೆಯಲ್ಲಿ ಕೊಡೆಯವರು ಗೆದ್ದರು. ನನ್ನ ಕಟ್ಟೆಯ ಕಾಗದ ಇನ್ನೂ ಪುರಸಭೆಯ ಮೇಜಿನಿಂದ ಮೇಜಿಗೆ ತಿರುಗುತ್ತಿದೆ ಅನ್ನುತ್ತಾರೆ. ನಾನು ಇಲ್ಲೇ ಕೂತಿದ್ದೇನೆ, ಖಾಲಿಯಾಗಿಲ್ಲ. ಮುಷ್ಟಿ ಕಟ್ಟಿ ಬಂದವರನ್ನು ಈಗ ಮೊದಲು ಒಂದು ಮಾತು ಕೇಳುತ್ತೇನೆ: ನಿನಗೆ ಏನು ಮಾಡಲು ಬರುವುದಿಲ್ಲ? ನಮ್ಮ ಓಣಿಯ ಏಣಿ ಮಾಡುವವರಿಗೆ ಮುಷ್ಟಿ ಬಿದ್ದರೆ ಬಸಲಿಂಗವ್ವನ ಒಲೆಯ ಮುಂದೆ ಕಳಿಸುತ್ತೇನೆ. ಅವಳಿಗೆ ಬೈಯಲು ಜನ ಸಿಕ್ಕಂತಾಗಿದೆ.

ಆ ಮತದಾನದ ಮರುದಿನ ಬಸ್ಸಿನ ಹೊತ್ತಿಗೆ ಮಾಸ್ತರ ಒಂದು ಚೀಲ, ಆ ಬುಟ್ಟಿ ಹಿಡಿದು ಬಂದ. ಬುಟ್ಟಿಯಲ್ಲಿ ಬಸಲಿಂಗವ್ವ ಕಟ್ಟಿಕೊಟ್ಟ ರೊಟ್ಟಿ ಇತ್ತು. ಮೇಲಿನದೊಂದು ನನ್ನದು, ಎಮ್ಮೆ ಮಲಗಿ ಎದ್ದಂಥದ್ದು.

"ಇದನ್ನ ನಾ ತಿನ್ನಬೇಕೇನು?" ಅಂದ.

"ನಿನ್ನ ತಂಗಿಗೆ ಮುರದು ಉಣಸು. ಕೈ ಐತೆಲ್ಲ."

ಬಸ್ಸು ಹತ್ತಿ, ಬಲಗೈಯಿಂದ ಕಂಬ ಹಿಡಿದು ಒಳಗೆ ಸರಿದ. ಕಂಡಕ್ಟರು ರೂಢಿಯ ಪ್ರಕಾರ ಟಿಕೀಟನ್ನು ಅವನ ಕಾಲರಿಗೆ ಸಿಕ್ಕಿಸಲು ಹೋದ. ಮಾಸ್ತರ ಅಂಗೈ ಚಾಚಿ ಅದನ್ನು ಇಸಿದುಕೊಂಡ. ಬಸ್ಸು ಜನ ತುಂಬಿಕೊಂಡು ಹೊರಡುವುದರೊಳಗೆ ನಾನು ಸೇತುವೆಯವರೆಗೆ ನಡೆದು ಹೋಗಿ ಈಚೆ ದಂಡೆಯಲ್ಲಿ ನಿಂತೆ. ಬಸ್ಸು ದಾಟುವಾಗ ಕಿಟಕಿಯಿಂದ ಒಂದು ಕೈ ಹೊರಗೆ ಬಂತು, ಐದೂ ಬೆರಳು ಬಿಚ್ಚಿಕೊಂಡು. ನಾನೂ ನನ್ನದನ್ನು ಎತ್ತಿದೆ. ಉಗುರಿನೊಳಗೆ ಜೋಳದ ಹಿಟ್ಟು ಇನ್ನೂ ಇತ್ತು. ತಮ್ಮಣ್ಣ ಮಾಸ್ತರ ಊರು ಬಿಟ್ಟು ಹೋದದ್ದು ಆ ಗುರುವಾರ.